ಪಾಲನೆಯ ಪಾಠ



ಈ ಉಪನ್ಯಾಸಕ್ಕೆ ದತ್ತಿಯನ್ನಿಟ್ಟ ಮಹನೀಯರು ತಮ್ಮ ಹೆಸರನ್ನು ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಕೂಡದು, ವೇದಿಕೆಯ ಮೇಲೂ ಉಚ್ಚರಿಸಕೂಡದು ಎಂಬ ನಿಯಮವನ್ನು ವಿಧಿಸಿದ್ದಾರೆಂದು ಕಾರ್ಯದರ್ಶಿಗಳಿಂದ ತಿಳಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ನಗುವೂ ಬಂದಿತು. ಏಕೆಂದರೆ ಯಾವ ನೆಲದಲ್ಲಿ ನಿಂತು ನಾನು ಈ ಮಾತುಗಳನ್ನಾಡುತ್ತಿದ್ದೇನೆಯೋ ಆ ನೆಲದ ಪೂರ್ವಿಕರಿಗೆ ಇಂಥ ಸಂಕೋಚವೇನೂ ಇರಲಿಲ್ಲ. ಬಳ್ಳಿಗಾವೆಯಲ್ಲಾಗಲಿ ಬಂದಳಿಕೆಯಲ್ಲಾಗಲಿ ಕುಬಟೂರಿನಲ್ಲಾಗಲಿ ನಿಂತಿರುವ ದಾನಶಾಸನಗಳನ್ನು ಓದಹೊರಟವನು ದಾನಿಯ ಹೆಸರನ್ನು ಮುಟ್ಟುವುದಕ್ಕೆ ಮುಂಚೆ ಅವನ ವಂಶವನ್ನೂ ಬಿರುದುಗಳನ್ನೂ ಪರಾಕ್ರಮವನ್ನೂ ದಾಟಿಕೊಂಡು ಹೋಗಬೇಕು. ಕೊಟ್ಟವರು ಕೊಟ್ಟೆವೆಂದು ಕಲ್ಲಿನ ಮೇಲೆ ಬರೆಸಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಶಾಸನಗಳ ಕೊನೆಗೆ, ಓದುಗರು ಸಾಮಾನ್ಯವಾಗಿ ಶಾಪದ ಮಾತುಗಳೆಂದು ಬಿಟ್ಟುಬಿಡುವ ಭಾಗದಲ್ಲಿ, ಕನ್ನಡನಾಡಿನ ಉದ್ದಗಲಕ್ಕೂ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಸಂಸ್ಕೃತ ಶ್ಲೋಕವಿದೆ. ತಾನು ಕೊಡುವುದಕ್ಕಿಂತ ಇನ್ನೊಬ್ಬನು ಕೊಟ್ಟದ್ದನ್ನು ಕೆಡದಂತೆ ಕಾಯುವುದು ಶ್ರೇಯಸ್ಕರವೆಂಬುದು ಅದರ ತಾತ್ಪರ್ಯ. ಬಿರುದಾವಳಿಯನ್ನೆಲ್ಲ ಕೊರೆದು ಮುಗಿಸಿದ ಮೇಲೆ ಅದೇ ಉಳಿಯಿಂದ ಈ ಮಾತನ್ನು ಕೊರೆದವರ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಮಕ್ಕಳಿಗೆ ಸಮಾಜಸೇವೆಯನ್ನು ಕಲಿಸುವ ಬಗೆಯನ್ನು ಕುರಿತು ಇಂದು ನಾನು ಹೇಳಬೇಕೆಂದಿರುವುದು ಈ ಶ್ಲೋಕದ ವ್ಯಾಖ್ಯಾನಕ್ಕಿಂತ ಹೆಚ್ಚಿನದೇನೂ ಅಲ್ಲ.

ನಮ್ಮ ಸೀಮೆಯ ಮಾತಿನಲ್ಲಿ ಸಮಾಜಕ್ಕೆ ಹಿಂದಿರುಗಿಸಿ ಕೊಡುವುದೆಂಬ ನುಡಿಗಟ್ಟು ಹಳೆಯದಲ್ಲ. ಹಳೆಯದು ಋಣವೆಂಬ ಮಾತು. ಶಾಸ್ತ್ರಕಾರರು ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರನ್ನು ಎಣಿಸಿ ಕೈತೊಳೆದುಕೊಂಡರು. ನಮ್ಮ ತಾಯಂದಿರು ಅವುಗಳ ಜೊತೆಗೆ ಅನ್ನದ ಋಣ, ನೀರಿನ ಋಣ, ಊರ ಋಣ, ಮಣ್ಣಿನ ಋಣ ಎಂದು ಸೇರಿಸುತ್ತ ಹೋದರು. ಉಪಕಾರಕ್ಕೂ ಋಣಕ್ಕೂ ಇರುವ ಅಂತರ ದೊಡ್ಡದು. ಉಪಕಾರ ಮಾಡುವವನು ಮೇಲೆ ನಿಂತು ಕೆಳಗೆ ಕೈಚಾಚುತ್ತಾನೆ. ಋಣ ತೀರಿಸುವವನು ತಲೆ ತಗ್ಗಿಸಿ ಬರುತ್ತಾನೆ. ಇಂದಿನ ಶಾಲೆಗಳಲ್ಲಿ ಸೇವಾಕಾರ್ಯವೆಂಬ ಹೆಸರಿನಲ್ಲಿ ನಡೆಯುವುದರಲ್ಲಿ ಬಹುಪಾಲು ಮೊದಲನೆಯ ಬಗೆಯದು, ಅದೂ ಒಂದು ಬೆಳಗಿನ ಅವಧಿಗೆ ಮಾತ್ರ ಎಂಬುದು ನನ್ನ ಆಕ್ಷೇಪ.

ಇದನ್ನು ನಾನು ಪರೋಪದೇಶವಾಗಿ ಹೇಳುತ್ತಿಲ್ಲ. ನಾನು ಮಾಧ್ಯಮಿಕ ಶಾಲೆಯ ಹುಡುಗನಾಗಿದ್ದಾಗ ಗಾಂಧೀಜಯಂತಿಯ ದಿನ ನಮ್ಮನ್ನೆಲ್ಲ ಸಾಲುಗಟ್ಟಿಸಿ ಊರ ಕೆರೆಗೆ ಕರೆದೊಯ್ದರು. ಕೆರೆಯ ತುಂಬ ಜೊಂಡು, ಅಂತರಗಂಗೆ. ನಾವು ಮೊಳಕಾಲುದ್ದ ಕೆಸರಿಗೆ ಇಳಿದು ಹಾಡುತ್ತ, ಕೂಗುತ್ತ, ಒಬ್ಬರ ಮೇಲೊಬ್ಬರು ಎರಚಾಡುತ್ತ ಮಧ್ಯಾಹ್ನದೊಳಗೆ ಅದನ್ನು ಕಿತ್ತು ಏರಿಯ ಒಳಮಗ್ಗುಲಿಗೆ ಗುಡ್ಡೆ ಹಾಕಿದೆವು. ಅತಿಥಿಗಳು ಬಂದರು, ನಮ್ಮ ಶ್ರಮವನ್ನು ಶ್ಲಾಘಿಸಿದರು, ಬಾಳೆಹಣ್ಣು ಹಂಚಿದರು. ಮಲೆನಾಡಿನ ಮಳೆಗೆ ಅಕ್ಟೋಬರ್ ತಿಂಗಳೆಂಬ ಲೆಕ್ಕವಿಲ್ಲವಷ್ಟೆ; ಮೂರನೆಯ ದಿನದ ಮಳೆಗೆ ಆ ಗುಡ್ಡೆಯೆಲ್ಲ ಜಾರಿ ಮತ್ತೆ ನೀರು ಸೇರಿತು. ಆ ದಾರಿಯಲ್ಲಿ ಹೋಗುತ್ತಿದ್ದ ನಮ್ಮನ್ನು ತಡೆದು ನಿಲ್ಲಿಸಿದ ಮುದಿ ನೀರುಗಂಟಿ, ಬೈಯಲಿಲ್ಲ, "ಅಲ್ರೋ ಹುಡುಗ್ರಾ, ಕಿತ್ತಿದ್ದನ್ನ ಎಲ್ಲಿ ಹಾಕ್ಬೇಕು ಅಂತ ಒಬ್ರಾದ್ರೂ ನನ್ನ ಕೇಳ್ಬಾರ್ದಾಗಿತ್ತ?" ಎಂದ. ನಾವು ಕೇಳಿರಲಿಲ್ಲ, ನಮ್ಮನ್ನು ಕರೆದೊಯ್ದವರೂ ಕೇಳಿರಲಿಲ್ಲ. ಕೆರೆಯನ್ನು ಬಲ್ಲ ಒಬ್ಬನೇ ಒಬ್ಬ ಮನುಷ್ಯ ಅಂದಿನ ಸಮಾರಂಭದಲ್ಲಿ ಹಿಂದೆ ನಿಂತಿದ್ದ.

ಕೆರೆಯ ಮಾತು ಬಂದದ್ದರಿಂದ ತಾಳಗುಂದಕ್ಕೆ ಹೋಗೋಣ. ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಾಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆಯವನೊಡನೆ ಆದ ಕಲಹ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಇವೆಲ್ಲ ನಮ್ಮ ಪಠ್ಯಪುಸ್ತಕಗಳಿಗೆ ಬಂದದ್ದು ಆ ಕಲ್ಲಿನಿಂದ. ಆದರೆ ಆ ಕಂಬ ನಿಂತದ್ದು ಯುದ್ಧದ ಕಥೆ ಹೇಳುವುದಕ್ಕಲ್ಲ. ಕಾಕುಸ್ಥವರ್ಮನು ಶಿವಾಲಯದ ಸನ್ನಿಧಿಯಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನೆಂಬುದೇ ಅದರ ಮುಖ್ಯ ಸಂಗತಿ. ಮಯೂರಶರ್ಮನ ಕಥೆ ಅದಕ್ಕೆ ಪೀಠಿಕೆ. ಕೆರೆ ಕಟ್ಟಿಸಿದವನು ತಂದೆ. ಆ ಸುದ್ದಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದು ಮಗ ಶಾಂತಿವರ್ಮನ ಕಾಲದಲ್ಲಿ. ಕಾವ್ಯವನ್ನು ರಚಿಸಿದ ಕುಬ್ಜಕವಿ ತಾನೇ ಅದನ್ನು ಕಲ್ಲಿನ ಮೇಲೂ ಬರೆದ. ಕ್ರಿಸ್ತಶಕ ಐದನೆಯ ಶತಮಾನದ ಆ ಮೂವರಲ್ಲಿ ಒಬ್ಬ ಕೊಟ್ಟ, ಒಬ್ಬ ಉಳಿಸಿದ, ಒಬ್ಬ ನೆನಪಿಟ್ಟ. ಇಂದಿನ ಶಾಲೆಯ ಹುಡುಗನಿಗೆ ಕಾಕುಸ್ಥವರ್ಮನ ಪಾತ್ರ ದೊರಕುವುದು ಅಸಂಭವ. ಉಳಿದ ಎರಡು ಪಾತ್ರಗಳು ಅವನಿಗಾಗಿಯೇ ಕಾದಿವೆ.

ಕೆರೆಯೆಂಬುದು ಕಟ್ಟಿದ ಮಾತ್ರಕ್ಕೆ ಮುಗಿಯುವ ವಸ್ತುವಲ್ಲವೆಂದು ಹಿಂದಿನವರು ಬಲ್ಲವರಾಗಿದ್ದರು. ಏರಿಯ ಮೇಲೆ ಗಿಡ ಬೇರೂರಿದರೆ ಬಿರುಕು, ಕೋಡಿಯ ಬಾಯಿಗೆ ಕಸ ಕಟ್ಟಿದರೆ ಏರಿಗೆ ಅಪಾಯ, ತೂಬು ಸಡಿಲವಾದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರಿಲ್ಲ, ಅಂಗಳದಲ್ಲಿ ಹೂಳು ತುಂಬಿದರೆ ಬೇಸಗೆಯಲ್ಲಿ ದನಗಳಿಗೂ ನೀರಿಲ್ಲ. ಆದ್ದರಿಂದಲೇ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಒಂದು ಏರ್ಪಾಡನ್ನು ಕಾಣುತ್ತೇವೆ. ಕೆರೆಯ ನೀರುಂಡು ಬೆಳೆದ ಭೂಮಿಯ ಹುಟ್ಟುವಳಿಯಲ್ಲಿ ಒಂದು ಪಾಲು ಆ ಕೆರೆಯ ದುರಸ್ತಿಗೇ ಮೀಸಲು. ಹೂಳು ಹೊರುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ಕೆಲವೆಡೆ ದತ್ತಿಗಳಿದ್ದವು. ಪಡೆದದ್ದರಲ್ಲಿ ಒಂದಂಶವನ್ನು ಪಡೆದ ಮೂಲಕ್ಕೇ ಮುಟ್ಟಿಸುವ ಕ್ರಮಕ್ಕೆ ಬಿತ್ತುವಟ್ಟಕ್ಕಿಂತ ಒಳ್ಳೆಯ ಹೆಸರು ನನಗೆ ತೋರದು. ಮಕ್ಕಳ ಸಮಯದಲ್ಲಿಯೂ ಒಂದು ಬಿತ್ತುವಟ್ಟವಿರಬೇಕು. ಅದು ವರ್ಷಕ್ಕೊಮ್ಮೆ ಸುರಿಯುವ ಮಳೆಯಾಗದೆ ವಾರವಾರವೂ ಹರಿಯುವ ಕಾಲುವೆಯಾಗಿರಬೇಕು.

ಇನ್ನು ಬಳ್ಳಿಗಾವೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಮಠಕ್ಕೆ ಕೋಡಿಯ ಮಠವೆಂದು ಹೆಸರು, ಕೆರೆಯ ಕೋಡಿಯ ಮಗ್ಗುಲಲ್ಲಿದ್ದುದರಿಂದ. ಕಾಳಾಮುಖ ಯತಿಗಳ ಈ ಮಠವನ್ನು 1162ರ ಶಾಸನವೊಂದು ವರ್ಣಿಸುವ ರೀತಿ ಅಸಾಧಾರಣವಾದುದು. ನಾಲ್ಕು ವೇದಗಳು, ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧ ದರ್ಶನಗಳು, ಪುರಾಣ ಧರ್ಮಶಾಸ್ತ್ರ ಕಾವ್ಯ ನಾಟಕಗಳು, ಇವುಗಳ ಅಧ್ಯಯನಕ್ಕೆ ಇದು ಸ್ಥಾನವೆಂದು ಹೇಳಿ, ಅದೇ ಉಸಿರಿನಲ್ಲಿ, ದೀನರಿಗೆ ಅನಾಥರಿಗೆ ಕುಂಟರಿಗೆ ಕುರುಡರಿಗೆ ಕಿವುಡರಿಗೆ, ಕಥೆ ಹೇಳುವವರಿಗೆ ಹಾಡುವವರಿಗೆ ವಾದ್ಯ ಬಾರಿಸುವವರಿಗೆ ಕುಣಿಯುವವರಿಗೆ ಅನ್ನ ದೊರೆಯುವ ಸ್ಥಾನವೂ ಇದೇ, ನಾನಾ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೂ ಇದೇ, ಸಕಲ ಜೀವಗಳಿಗೆ ಅಭಯದ ಸ್ಥಾನವೂ ಇದೇ ಎಂದು ಮುಂದುವರಿಯುತ್ತದೆ. ವಿದ್ಯಾಶಾಲೆಗೂ ಅನ್ನಸತ್ರಕ್ಕೂ ವೈದ್ಯಶಾಲೆಗೂ ನಡುವೆ ಗೋಡೆಯಿಲ್ಲ. ವ್ಯಾಕರಣಸೂತ್ರವನ್ನು ಗಟ್ಟಿ ಮಾಡುತ್ತಿರುವ ಕಿವಿಗೆ ರೋಗಿಯ ನರಳುವಿಕೆಯೂ ಕೇಳಿಸುವಷ್ಟು ಹತ್ತಿರದಲ್ಲಿ ಅವೆಲ್ಲ ಇದ್ದ ವ್ಯವಸ್ಥೆಯದು. ಬಡವರನ್ನು ನೋಡಿಕೊಂಡು ಬರುವುದಕ್ಕೆ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಎಲ್ಲಿಗೋ ಕರೆದೊಯ್ದು, ಹಣ್ಣು ಹಂಚಿಸಿ, ಛಾಯಾಚಿತ್ರ ತೆಗೆಸಿ, ಸಂಜೆಯೊಳಗೆ ಹಿಂದಕ್ಕೆ ಕರೆತರುವ ಪದ್ಧತಿಯನ್ನು ಆ ಶಾಸನದ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನಾಚಿಕೆಯಾಗುತ್ತದೆ. ಹಣ್ಣು ಪಡೆದವನ ಹೆಸರು ಯಾವ ಮಗುವಿಗೆ ಗೊತ್ತು?

ವಾರಾನ್ನದಲ್ಲಿ ಓದಿದ ತಲೆಮಾರಿಗೆ ಈ ಗೋಡೆ ಇರಲಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳ ಅನ್ನ ಉಂಡ ಹುಡುಗನು ಬಾವಿಯಿಂದ ನೀರು ಸೇದಿಕೊಟ್ಟು, ಆ ಮನೆಯ ಮುದುಕರಿಗೆ ಕಾಗದ ಓದಿ ಹೇಳಿ, ಸಣ್ಣ ಮಕ್ಕಳಿಗೆ ಮಗ್ಗಿ ಕಲಿಸಿ, ತನಗೆ ತಿಳಿಯದಂತೆಯೇ ಊರಿನವನಾಗಿಬಿಡುತ್ತಿದ್ದ. ಆ ಕಾಲವನ್ನು ನಾನು ಹೊಗಳಿ ಹಾಡುವವನಲ್ಲ. ಆ ಏಳು ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ವಾರಾನ್ನವನ್ನು ಕೊಂಡಾಡುವುದು ಅಪ್ರಾಮಾಣಿಕತೆ.

ಇದೇ ಎಳೆಯನ್ನು ಹಿಡಿದು ಸತ್ಯಕ್ಕನ ಹತ್ತಿರಕ್ಕೆ ಬರುತ್ತೇನೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯನ್ನು ಅಕ್ಕಮಹಾದೇವಿಗಾಗಿ, ಬಳ್ಳಿಗಾವೆಯನ್ನು ಅಲ್ಲಮಪ್ರಭುವಿಗಾಗಿ ನಾಡು ನೆನೆಯುತ್ತದೆ. ಹಿರೇಜಂಬೂರಿನ ಸತ್ಯಕ್ಕನನ್ನು ನೆನೆಯುವವರು ಅಷ್ಟಿಲ್ಲ. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು ಅವಳ ಕಾಯಕ, ಶಂಭುಜಕ್ಕೇಶ್ವರನೆಂಬುದು ಅವಳ ಅಂಕಿತ. ಬೀದಿಯಲ್ಲಿ ಬಿದ್ದ ಚಿನ್ನವನ್ನೂ ಮುಟ್ಟೆನೆಂದು ಆಣೆಯಿಟ್ಟ ವಚನ ಅವಳದು. ಕಸಬರಿಕೆ ಹಿಡಿದ ಕೈಯೇ ಇಷ್ಟು ನಿಷ್ಠುರವಾದ ಪ್ರಾಮಾಣಿಕತೆಯನ್ನು ನುಡಿಯಿತೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು. ಆದರೆ ಅಧ್ಯಾಪಕ ಬಂಧುಗಳೆ, ಸತ್ಯಕ್ಕನು ಆ ಕಸಬರಿಕೆಯನ್ನು ತಾನಾಗಿ ಹಿಡಿದಳು. ಶಾಲೆಯ ಅಂಗಳವನ್ನು ಹೆಣ್ಣುಮಕ್ಕಳಿಗೂ ಹೂಗಿಡಗಳ ಪಾತಿಯನ್ನು ಗಂಡುಮಕ್ಕಳಿಗೂ ಹಂಚುವವರು, ಶೌಚಾಲಯದ ಬಕೆಟ್ಟನ್ನು ಪ್ರತಿ ವಾರವೂ ಒಂದೇ ಕೇರಿಯ ಮಗುವಿನ ಕೈಗೆ ಕೊಡುವವರು, ತಡವಾಗಿ ಬಂದವನಿಗೆ ಶಿಕ್ಷೆಯಾಗಿ ಅಂಗಳ ಗುಡಿಸೆಂದು ಹೇಳುವವರು ಸೇವೆಯನ್ನು ಕಲಿಸುತ್ತಿಲ್ಲ. ಸೇವೆಯೆಂಬುದು ಸೋತವನ ಪಾಲಿಗೆ ಬೀಳುವ ಕೆಲಸವೆಂದು ಕಲಿಸುತ್ತಿದ್ದಾರೆ. ಆ ಪಾಠ ಮರೆಯುವುದು ಬಹಳ ಕಷ್ಟ. ಸರದಿಯ ಪಟ್ಟಿಯಲ್ಲಿ ಮೊದಲನೆಯ ಹೆಸರು ಮುಖ್ಯೋಪಾಧ್ಯಾಯರದಾಗಿರುವ ಶಾಲೆಯಲ್ಲಿ ಮಾತ್ರ ಕಸಬರಿಕೆಗೆ ಮರ್ಯಾದೆ ಇದೆಯೆಂದು ನಾನು ಒಪ್ಪುತ್ತೇನೆ.

ಮಕ್ಕಳ ಮೇಲೆ ಹೊರೆಯನ್ನಿಡುವ ವಿಚಾರದಲ್ಲಿ ಶಿಕಾರಿಪುರ ತಾಲ್ಲೂಕಿನ ಅತ್ಯಂತ ಪ್ರಸಿದ್ಧವಾದ ದೃಷ್ಟಾಂತವನ್ನು ಮುಟ್ಟದೆ ಹೋಗಲಾರೆ. 1942ರ ಸೆಪ್ಟೆಂಬರಿನಲ್ಲಿ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು ವೀರಭದ್ರೇಶ್ವರ ದೇವಾಲಯದ ಮೇಲೆ ಧ್ವಜವನ್ನೇರಿಸಿದಾಗ ಆ ಪುಟ್ಟ ಸರ್ಕಾರದ ಅಮಲ್ದಾರನಾಗಿ ಒಬ್ಬ ಬಾಲಕನನ್ನೂ ಸಬ್ ಇನ್ಸ್‌ಪೆಕ್ಟರನಾಗಿ ಇನ್ನೊಬ್ಬ ಬಾಲಕನನ್ನೂ ನೇಮಿಸಿತು. ಬಾಲಕರನ್ನು ಸೆರೆಗೆ ಹಾಕುವುದು ಕಾಯಿದೆಗೆ ಸುಲಭವಲ್ಲವೆಂಬ ಜಾಣತನ ಅದರ ಹಿಂದಿತ್ತೆಂದು ಹಿರಿಯರು ಹೇಳುತ್ತಾರೆ. ಅದೇ ತಿಂಗಳ 28ರಂದು ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ನಿಜವಾದ ಸಬ್ ಇನ್ಸ್‌ಪೆಕ್ಟರರೂ ಹತರಾದರು. ಅನಂತರ ಊರಿಗೆ ಬಂದ ದಂಡು ಮಾಡಿದ ಹಾವಳಿ, ಜನ ಕಾಡು ಸೇರಿದ್ದು, ಹೆಂಗಸರೂ ಸೆರೆಮನೆ ಕಂಡದ್ದು, 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದ್ದು ನಿಮಗೆ ನಾನು ಹೇಳಬೇಕಾದ ಕಥೆಯಲ್ಲ. ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಇಬ್ಬರು ಹುಡುಗರ ಕಡೆಗೆ. ಹಿರಿಯರ ಹೋರಾಟಕ್ಕೆ ಮರೆಯಾಗಿ ಮಕ್ಕಳನ್ನು ನಿಲ್ಲಿಸುವುದನ್ನು, ಅದು ಎಂಥ ಪವಿತ್ರವಾದ ಹೋರಾಟವಾಗಿರಲಿ, ನಾನು ಅನುಕರಣೀಯವೆನ್ನಲಾರೆ. ಆದರೂ ಒಂದು ಮಾತನ್ನು ಒಪ್ಪಬೇಕು: ಮಕ್ಕಳ ಹೆಗಲಿಗೆ ಊರಿನ ಹೆಸರನ್ನು ಹೊರಿಸಿದರೆ ಅವರು ಅದನ್ನು ಆಟವೆಂದು ಭಾವಿಸುವುದಿಲ್ಲ. ಅಪಾಯವನ್ನು ಕಳೆದು ಆ ನಂಬಿಕೆಯೊಂದನ್ನು ಉಳಿಸಿಕೊಳ್ಳುವುದು ಶಾಂತಿಕಾಲದ ಶಾಲೆಗಳಿಗೆ ಸಾಧ್ಯವಾಗಬೇಕು.

ಆಡಳಿತವರ್ಗವು ಈ ವಿಷಯವನ್ನು ಅಲಕ್ಷಿಸಿದೆಯೆನ್ನುವಂತಿಲ್ಲ. 1937ರ ವಾರ್ಧಾ ಸಮ್ಮೇಳನದಿಂದ ಮೊದಲ್ಗೊಂಡು ಕೈಕೆಲಸವನ್ನೂ ವಿದ್ಯೆಯನ್ನೂ ಬೆಸೆಯುವ ಯೋಜನೆಗಳು ಬಂದವು. 1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಪ್ರೌಢಶಾಲೆಯ ಕೆಳಹಂತದಲ್ಲಿ 30 ದಿನ, ಮೇಲಿನ ಹಂತದಲ್ಲಿ 20 ದಿನ ಸಮಾಜಸೇವೆ ಇರಬೇಕೆಂದು ಸಲಹೆಯಿತ್ತಿತು. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಇವೆಲ್ಲ ಒಳ್ಳೆಯವೇ. ಆದರೆ ದಿನಗಳನ್ನು ಎಣಿಸುವ ಯೋಜನೆ ದಿನಗಳು ತುಂಬಿದೊಡನೆ ತೃಪ್ತಿಪಡುತ್ತದೆ. ಕೆರೆಗೆ ದಿನದ ಲೆಕ್ಕ ತಿಳಿಯದು.

ಸೊರಬದ ಕಡೆಗೆ ತಿರುಗಿದರೆ ಪಾಲನೆಯ ಇನ್ನೊಂದು ಮುಖ ಕಾಣುತ್ತದೆ. ಆ ತಾಲ್ಲೂಕಿನ ಕಾನುಗಳನ್ನು ಕುರಿತು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ವರದಿ ಬರೆದಾಗ 171 ಕಾನುಗಳ ಲೆಕ್ಕ ಕೊಟ್ಟರು. ಮೆಣಸಿನ ಬಳ್ಳಿ ಹಬ್ಬಿದ, ಬಗನಿಯ ಮರಗಳೆದ್ದ, ದೇವರ ಬನವೆಂದು ಕೊಡಲಿ ತಾಗಿಸದೆ ಬಿಟ್ಟ ಈ ನಿತ್ಯಹಸುರಿನ ತುಣುಕುಗಳು ನೀರಿನ ಬುಗ್ಗೆಗಳ ತಾಯಿ. ಅವುಗಳ ಕೆಳಗಿನ ಗದ್ದೆಗಳೂ ಕೆರೆಗಳೂ ಅವನ್ನೇ ನಂಬಿ ಬದುಕಿದವು. ಅವುಗಳಲ್ಲಿ ಎಷ್ಟೋ ಇಂದು ಹೆಸರಿನಲ್ಲಿ ಮಾತ್ರ ಉಳಿದಿವೆ. ಗುಡವಿಯಲ್ಲಿ, ಕೆರೆಯೊಳಗೆ ನಿಂತ ಮರಗಳ ಮೇಲೆ ಮಳೆಗಾಲದಲ್ಲಿ ಗೂಡುಕಟ್ಟಿ ಮರಿಮಾಡಲು ಬರುವ ಬಿಳಿ ಕೆಂಬರಲುಗಳೂ ನೀರುಕಾಗೆಗಳೂ ನಮ್ಮಿಂದ ಬೇಡುವ ಸೇವೆ ಬಹಳ ವಿಚಿತ್ರವಾದದ್ದು: ಸುಮ್ಮನಿರುವುದು. ಕಲ್ಲೆಸೆಯದಿರುವುದು, ಕೂಗದಿರುವುದು. ಹನ್ನೆರಡು ವರ್ಷದ ಹುಡುಗನಿಗೆ ಗಿಡ ನೆಡುವುದಕ್ಕಿಂತ ಇದು ಎಷ್ಟೋ ಕಷ್ಟವಾದ ತಪಸ್ಸು. ಗಿಡ ನೆಡುವುದನ್ನು ವರದಿಯಲ್ಲಿ ಬರೆಯಬಹುದು, ಕಾನನ್ನು ಕಡಿಯದೆ ಬಿಟ್ಟದ್ದನ್ನು ಯಾವ ಅಂಕಣದಲ್ಲಿ ತುಂಬುವುದು?

ಆದುದರಿಂದ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಲೆಗಳ ಮುಂದೆ ನನ್ನದೊಂದೇ ಸೂಚನೆ. ಪ್ರತಿ ಶಾಲೆಯೂ ತನ್ನ ಹತ್ತಿರದ ಒಂದೇ ಒಂದು ವಸ್ತುವನ್ನು ಆರಿಸಿಕೊಳ್ಳಲಿ. ಕೆರೆಯಾಗಲಿ ಕಾನಾಗಲಿ ಶಾಸನದ ಕಲ್ಲಾಗಲಿ ಒಂಟಿಯಾಗಿರುವ ಮುದುಕಿಯ ಮನೆಯಾಗಲಿ, ಎರಡು ಬೇಡ. ಅದಕ್ಕೊಂದು ಗಟ್ಟಿ ರಟ್ಟಿನ ಪುಸ್ತಕವಿರಲಿ. ಕೋಡಿ ಬಿದ್ದದ್ದು ಯಾವ ತಾರೀಖು, ಹಕ್ಕಿಗಳು ಬಂದದ್ದು ಯಾವ ಮಳೆಗೆ, ಕಲ್ಲಿನ ಮೇಲೆ ಸುಣ್ಣ ಬಳಿದವರು ಯಾರು, ಅಜ್ಜಿಯ ಕಣ್ಣಿನ ಔಷಧ ಮುಗಿಯುವುದು ಯಾವ ದಿನ, ಇವನ್ನು ಮಕ್ಕಳು ಬರೆಯಲಿ, ಏಳನೆಯ ತರಗತಿ ಮುಗಿಸಿ ಹೋಗುವವರು ಆರನೆಯವರ ಕೈಗೆ ಆ ಪುಸ್ತಕವನ್ನು ಒಪ್ಪಿಸಿ ಹೋಗಲಿ. ಅಂಕಗಳು ಬೇಡ, ಪ್ರಶಸ್ತಿಪತ್ರ ಬೇಡ. ನೀರುಗಂಟಿಯೋ ಪೂಜಾರಿಯೋ ದನಗಾಹಿಯೋ, ಆ ವಸ್ತುವನ್ನು ನಿಜವಾಗಿ ಬಲ್ಲವರು ಯಾರೋ ಅವರನ್ನು ಆ ಶಾಲೆಯ ಗುರುಗಳಲ್ಲಿ ಒಬ್ಬರೆಂದು ಗೌರವಿಸಿ ಮುಂದಿನ ಸಾಲಿನಲ್ಲಿ ಕೂರಿಸಲಿ.

ನನ್ನ ಬಾಲ್ಯದ ಆ ಜೊಂಡಿನ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಬೈಯದೆ ಬಿಟ್ಟ ನೀರುಗಂಟಿ ಮುಂದಿನ ಭಾನುವಾರ ನಮ್ಮಲ್ಲಿ ನಾಲ್ವರನ್ನು ಕರೆದು, ಜೊಂಡನ್ನು ಬುಟ್ಟಿಗಳಲ್ಲಿ ಹೊರಿಸಿ ಏರಿಯಾಚೆಯ ಗೊಬ್ಬರದ ಗುಂಡಿಗೆ ಹಾಕಿಸಿದ. ನಾಲ್ಕು ಭಾನುವಾರ ಹಿಡಿಯಿತು. ಅತಿಥಿಗಳು ಬರಲಿಲ್ಲ, ಬಾಳೆಹಣ್ಣೂ ಇರಲಿಲ್ಲ. ಕೊನೆಯ ದಿನ ಅವನು ನನ್ನನ್ನು ಕೋಡಿಯ ಹತ್ತಿರ ಕರೆದೊಯ್ದು, ಕಲ್ಲಿನ ಮೇಲೆ ಉಳಿಯಿಂದ ಹಾಕಿದ್ದ ಒಂದು ಗೀರನ್ನು ತೋರಿಸಿ, "ಸೋಮವಾರ ನಾನು ಮಗಳ ಮನೆಗೆ ಹೋಗ್ಬೇಕು. ನೀರು ಈ ಗೀರು ದಾಟ್ತು ಅಂದ್ರೆ ನೀನು ಓಡಿಹೋಗಿ ಪಟೇಲ್ರಿಗೆ ಹೇಳ್ಬೇಕು, ತಿಳೀತಾ?" ಎಂದ. ಆ ಸೋಮವಾರ ಒಂದು ಹನಿ ಮಳೆಯೂ ಬೀಳಲಿಲ್ಲ. ನಾನು ಮಾತ್ರ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ಹೋಗಿ ಗೀರನ್ನು ಮುಟ್ಟಿ ನೋಡಿ ಬಂದೆ.